ಪಾಯಿಂಟ್ ಎಲ್ಲಿ ಬೇಕು?

ಹಳೇ ಮನೆಯ ವಯಸ್ಸು ತಿಳಿಯಲು ಕ್ರಯಪತ್ರ ಹುಡುಕಬೇಕಾಗಿಲ್ಲ, ಪ್ಲಗ್ ಪಾಯಿಂಟುಗಳು ಎಲ್ಲೆಲ್ಲಿವೆ ಎಂದು ನೋಡಿದರೆ ಸಾಕು. ಪಡಸಾಲೆಗೆಲ್ಲ ಒಂದೇ ಒಂದು, ಅದೂ ಆಳೆತ್ತರದಲ್ಲಿ ಇದ್ದರೆ ಅದು ರೇಡಿಯೊ ಕಾಲದ ಮನೆ. ಅಡುಗೆಮನೆಯಲ್ಲಿ ಒಂದೂ ಇಲ್ಲದಿದ್ದರೆ ಒರಳುಕಲ್ಲಿನ ಕಾಲದ್ದು. ತಲೆದಿಂಬಿನ ಎರಡೂ ಕಡೆ ಒಂದೊಂದು ಇದ್ದರೆ ಮೊಬೈಲ್ ಬಂದ ಮೇಲಿನದು. ಮೈಸೂರಿನ ಚಾಮರಾಜಪುರಂನ ನಮ್ಮ ಮನೆಯಲ್ಲಿ ಈ ಮೂರೂ ಕಾಲಗಳು ಹೇಗೋ ಹೊಂದಿಕೊಂಡಿದ್ದವು. ಈ ಬೇಸಿಗೆಯಲ್ಲಿ ಹಳೆಯದನ್ನೆಲ್ಲ ಕಿತ್ತು ಹೊಸದು ಹಾಕಿಸುವುದೆಂದು ತೀರ್ಮಾನವಾಯಿತು. ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ಟಿನೊಳಗೆ ಚರಚರ ಸದ್ದು. ಸ್ವಲ್ಪ ಹೊತ್ತಿಗೆ ಮೀನಿನಂಥ ವಾಸನೆ. ಬೆಳ್ಳುಳ್ಳಿಯೂ ಬಾರದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಅಮ್ಮ ಸುಮ್ಮನಿರುವುದುಂಟೆ?

"ಪ್ಲಾಸ್ಟಿಕ್ ಬಿಸಿಯಾದ್ರೆ ಹಂಗೇ ಅಮ್ಮಾವ್ರೆ, ಮೀನಿಲ್ಲ ಏನಿಲ್ಲ" ಎನ್ನುತ್ತ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ತಿರುಪು ಬಿಚ್ಚಿದ. ದುಂಡನೆಯ ಮರದ ಗುಬ್ಬಟೆಯ ಮೇಲೆ ಕಂದು ಬೇಕಲೈಟಿನ ಸಾಕೆಟ್ಟು. ಹಿತ್ತಾಳೆಯ ಹಿಡಿಕೆಗಳು ವರ್ಷಗಟ್ಟಲೆ ಪ್ಲಗ್ ಕಿತ್ತು ಹಾಕಿ ಸಡಿಲಾಗಿದ್ದವು. ಸಡಿಲಾದ ಕಡೆ ಕರೆಂಟಿಗೆ ದಾರಿ ಇಕ್ಕಟ್ಟು, ಇಕ್ಕಟ್ಟಾದಲ್ಲಿ ಬಿಸಿ, ಬಿಸಿಯಾದಷ್ಟೂ ಹಿಡಿಕೆ ಇನ್ನಷ್ಟು ಸಡಿಲ. ಪ್ಲಗ್ಗಿನ ಕಾಲಿನ ಸೀಳನ್ನು ಬ್ಲೇಡಿನಿಂದ ಅಗಲಿಸಿ ಬಿಗಿ ಮಾಡುವುದು, ಪ್ಲಗ್ಗೇ ಇಲ್ಲದಿದ್ದರೆ ವೈರಿನ ತುದಿಗಳನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು, ಇವೆಲ್ಲ ನಮ್ಮ ಮನೆಯ ಗಂಡಸರು ತಲೆಮಾರಿನಿಂದ ಕಲಿತುಬಂದ ವಿದ್ಯೆ. ತಂತಿಯ ಮೇಲಿನ ರಬ್ಬರು ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರಿತು. ಬೇಕಲೈಟಿಗೆ ಮಾತ್ರ ಸುಟ್ಟ ಕಲೆ ಬಿಟ್ಟರೆ ಏನೂ ಆಗಿರಲಿಲ್ಲ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಈ ವಸ್ತು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಸುಟ್ಟರೆ ಕರಿಕಾಗುತ್ತದೆ, ಜಗ್ಗುವುದಿಲ್ಲ.

ಮನೆ ಕಟ್ಟಿದವರು ತಾತ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಊರಿಗೆ ಬಂದ ಮಾತ್ರಕ್ಕೆ ಮನೆಮನೆಗೂ ಬಂತೆಂದಲ್ಲ. ತಾತನ ಕಾಲಕ್ಕೂ ಕರೆಂಟೆಂದರೆ ದೀಪ, ಅಷ್ಟೇ. ಕೋಣೆಗೊಂದು ಬಲ್ಬು, ಬಾಗಿಲ ಪಕ್ಕ ಒಂದು ಸ್ವಿಚ್ಚು. ಪ್ಲಗ್ ಪಾಯಿಂಟು ಬೇಕಾದದ್ದು ರೇಡಿಯೊಗೆ ಮಾತ್ರ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದ ಊರು ಇದು. ರೇಡಿಯೊ ಇಲ್ಲದೆ ಆದೀತೆ? ಮಕ್ಕಳ ಕೈಗೆ ಎಟುಕದ ಹಾಗೆ ಎತ್ತರದಲ್ಲಿ ಸ್ಟ್ಯಾಂಡು, ಅದರ ಪಕ್ಕ ಸಾಕೆಟ್ಟು. ಮುಂದೆ ಮನೆಯಲ್ಲಿ ಇನ್ನೇನೇನು ಬಂದೀತೆಂದು ತಾತ ಯೋಚಿಸಿರಲಿಲ್ಲ. ಯೋಚಿಸಿದ್ದರೂ ಅಡುಗೆಮನೆಯ ಬಗ್ಗೆ ಯೋಚಿಸುತ್ತಿರಲಿಲ್ಲ.

ಹಾಗಾಗಿ ಮಿಕ್ಸಿ ಬಂದಾಗ ಅದು ಪಡಸಾಲೆಯಲ್ಲೇ ನೆಲೆಯೂರಿತು. ಅಜ್ಜಿ ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಬಂದು, ತಾತನನ್ನು ನೋಡಲು ಬಂದವರ ಎದುರೇ ಚಟ್ನಿ ರುಬ್ಬುತ್ತಿದ್ದರು. ರೇಡಿಯೊ ಬಿಚ್ಚಿ ಮಿಕ್ಸಿ ಸಿಕ್ಕಿಸಬೇಕು. ವಾರ್ತೆ ಬೇಕೋ ಚಟ್ನಿ ಬೇಕೋ ಎಂಬುದು ದಿನಾ ಬೆಳಿಗ್ಗೆಯ ಪಂಚಾಯ್ತಿ. ಆಮೇಲೊಬ್ಬರು ಎರಡನ್ನೂ ಒಟ್ಟಿಗೆ ಸಿಕ್ಕಿಸುವ ಅಡಾಪ್ಟರ್ ತಂದುಕೊಟ್ಟರು. ಆಗ ವಾರ್ತೆಯೂ ಚಟ್ನಿಯೂ ಒಟ್ಟಿಗೇ ಗೊರಗೊರ ಎನ್ನತೊಡಗಿದವು. ಅಡುಗೆಮನೆಗೆ ಪಾಯಿಂಟು ಬಂದದ್ದು ಅಪ್ಪನ ಯಜಮಾನಿಕೆಯಲ್ಲಿ, ಅಮ್ಮ ಹಟ ಹಿಡಿದ ಮೇಲೆ.

ತೂತಿನ ಅಳತೆಗೂ ಒಂದು ಕಥೆಯಿದೆ. ನಮ್ಮ ಐದು ಆಂಪಿನ ಚಿಕ್ಕದು, ಹದಿನೈದು ಆಂಪಿನ ದೊಡ್ಡದು, ಎರಡೂ ಬ್ರಿಟಿಷರ 1934ರ ಪ್ರಮಾಣಕದಿಂದ ಬಂದವು. ಅವರು ಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ಲಗ್ಗಿನೊಳಗೇ ಫ್ಯೂಸಿರುವ ಚಪ್ಪಟೆ ಕಾಲಿನ ಹೊಸ ಮಾದರಿಗೆ ಹೊರಳಿದರು. ಅದೇ ವರ್ಷ ನಮ್ಮನ್ನು ಬಿಟ್ಟುಹೋದರು, ದುಂಡು ಕಾಲಿನದು ನಮ್ಮಲ್ಲೇ ಉಳಿಯಿತು. ಈಗ ಪೆಟ್ಟಿಗೆಯ ಮೇಲೆ 6 ಮತ್ತು 16 ಎಂದು ಬರೆದಿದ್ದರೂ ಅಂಗಡಿಯವರ ಬಾಯಲ್ಲಿ ಫೈವ್, ಫಿಫ್ಟೀನೇ. ಎರಡು ಅಳತೆ ಇಟ್ಟದ್ದು ಸುಮ್ಮನೆ ಅಲ್ಲ. 230 ವೋಲ್ಟಿಗೆ ಐದು ಆಂಪೆಂದರೆ 1150 ವಾಟ್. ಎರಡು ಸಾವಿರ ವಾಟಿನ ಗೀಸರನ್ನು ಅದು ತಡೆಯದು. ಆದ್ದರಿಂದ ಗೀಸರಿನ ದಪ್ಪ ಕಾಲು ಚಿಕ್ಕ ತೂತಿನೊಳಗೆ ಹೋಗಲೇಬಾರದು. ಓದುಬರಹ ಬಾರದವರಿಗೂ ತಿಳಿಯುವ ಕಾನೂನು ಇದು. ಅದನ್ನು ಮುರಿಯುವ ಕನ್ವರ್ಟರ್ ಕೂಡ ಅದೇ ಅಂಗಡಿಯಲ್ಲಿ ಸಿಗುತ್ತದೆ ಎನ್ನುವುದು ಬೇರೆ ಮಾತು.

ಇನ್ನು ಮೂರನೆಯ ತೂತು. ಅರ್ತಿನ ಪಿನ್ನು ದಪ್ಪ, ಉದ್ದವೂ ಹೆಚ್ಚು. ಎಲ್ಲಕ್ಕಿಂತ ಮೊದಲು ಒಳಗೆ ಹೋಗಿ, ಎಲ್ಲಕ್ಕಿಂತ ಕೊನೆಗೆ ಹೊರಗೆ ಬರಬೇಕೆಂದು ಹಾಗೆ ಮಾಡಿದ್ದಾರೆ. ಮದುವೆಮನೆಯಲ್ಲಿ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಪಾತ್ರೆ ಎಣಿಸಿಕೊಟ್ಟು ಹೊರಡುವ ಸೋದರಮಾವನ ಹಾಗೆ. ನಮ್ಮ ಫ್ರಿಜ್ಜಿನ ಸಾಕೆಟ್ಟು ಬಿಚ್ಚಿದಾಗ ಎಲೆಕ್ಟ್ರಿಷಿಯನ್ ನಕ್ಕ. "ಸಾರ್, ಇಲ್ ನೋಡಿ. ತೂತು ಮೂರು, ವೈರ್ ಎರಡೇ." ಮೂರನೆಯದಕ್ಕೆ ಹಿಂದಿನಿಂದ ಏನೂ ಬಂದಿರಲಿಲ್ಲ. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತದೆಂದು ಅಜ್ಜಿ ಅದರ ಮುಂದೆ ಒಂದು ಮಣೆ ಹಾಕಿಟ್ಟಿದ್ದರು. ಹಾಲು ಬೇಕಾದರೆ ಮಣೆ ಹತ್ತಬೇಕು. ಮಡಿಗೆ ಸಂಬಂಧಿಸಿದ ಆಚಾರವೆಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ. ಒಣ ಮರದಲ್ಲಿ ಕರೆಂಟು ಹರಿಯದೆಂದು ಅಜ್ಜಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ, ಕಾಲು ಹೇಳಿತ್ತು.

ಈಗ ಅರ್ತಿಗೆಂದು ಹಿತ್ತಲ ನಲ್ಲಿಯ ಪಕ್ಕ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದ್ದಾಯಿತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಆ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟುಕೊಡುವುದಿಲ್ಲ. 30 ಮಿಲಿ ಆಂಪ್ ಸೋರಿದರೂ ತಟ್ಟನೆ ಆಫ್ ಆಗುವ ಆರ್‌ಸಿಸಿಬಿಯೂ ಬಂತು. ಮಣೆ ದೇವರ ಮನೆಗೆ ಬಡ್ತಿ ಪಡೆಯಿತು.

ಕಷ್ಟವಾದದ್ದು ಇವು ಯಾವುವೂ ಅಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಎಲೆಕ್ಟ್ರಿಷಿಯನ್ ಕೇಳಿದ ಪ್ರಶ್ನೆ: "ಪಾಯಿಂಟ್ ಎಲ್ಲಿ ಬೇಕು?" ಕೇಳಲು ಚಿಕ್ಕ ಪ್ರಶ್ನೆ. ಆದರೆ ಗೋಡೆ ಕೊರೆಯುವ ಮುಂಚೆ ಈ ಮನೆಯಲ್ಲಿ ಮುಂದೆ ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ತಿಳಿದಿರಬೇಕು. ಮಗಳ ಮೇಜು ಕಿಟಕಿಯ ಹತ್ತಿರ; ಅವಳು ಬೆಂಗಳೂರಿನಿಂದ ವಾಪಸ್ ಬರುತ್ತಾಳೋ ಇಲ್ಲವೋ? ಅಮ್ಮನ ಮಂಚ ಈ ಗೋಡೆಗೆ. ಬಗ್ಗಲಾಗದ ಅವಳಿಗೆ ಸೊಂಟದ ಎತ್ತರಕ್ಕೆ ಇರಲಿ ಎಂದೆ. "ನೋಡಕ್ ಚೆನ್ನಾಗಿರಲ್ಲ ಸಾರ್, ಎಲ್ರೂ ಕೆಳಗೇ ಹಾಕಿಸ್ತಾರೆ" ಎಂದ. ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲವೆಂದು ಸೊಂಟದೆತ್ತರಕ್ಕೇ ಗೆರೆ ಎಳೆಸಿದೆ. ತಾತ ರೇಡಿಯೊಗೆಂದು ಆಳೆತ್ತರ ಊಹಿಸಿದರು, ಅಪ್ಪ ಟೀವಿಗೆಂದು ಮೂಲೆ ಊಹಿಸಿದರು. ಇಬ್ಬರ ಲೆಕ್ಕವೂ ಅವರವರ ಕಾಲಕ್ಕೆ ಸರಿಯಾಗಿತ್ತು, ಮುಂದಿನವರಿಗೆ ತಪ್ಪಾಯಿತು. ನನ್ನದೂ ಹಾಗೆಯೇ ಆಗುತ್ತದೆ.

ಹೊರಡುವ ಮುಂಚೆ ಎಲೆಕ್ಟ್ರಿಷಿಯನ್ನೇ ಒಂದು ಉಪಾಯ ಹೇಳಿದ. ಮುಂದೆ ಏನಾದರೂ ಬೇಕಾದರೆ ಗೋಡೆ ಒಡೆಯದೆ ವೈರ್ ಎಳೆದುಕೊಳ್ಳಬಹುದು, ಕೋಣೆಗೊಂದು ಖಾಲಿ ಪೈಪು ಬಿಟ್ಟು ಪ್ಲಾಸ್ಟರ್ ಮಾಡಿಸಿಬಿಡಿ ಎಂದ. ನಾನು ಒಪ್ಪಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಬಿಲ್ಲಿನ ಮೇಲೆ ಬೆರಳಿಟ್ಟಳು:

"ಅಲ್ಲಪ್ಪಾ, ಏನೂ ಇಲ್ದಿರೋ ಪೈಪಿಗೂ ಕೂಲಿ ಹಾಕಿದ್ದೀಯಲ್ಲ?"