ಯಾರದೋ ಮುತ್ತಜ್ಜನನ್ನು ಹುಡುಕುತ್ತ

ಮಕ್ಕಳ ಮದುವೆಯಾಯಿತು, ಮನೆಯ ಸಾಲ ತೀರಿತು, ಉದ್ಯೋಗದಿಂದ ನಿವೃತ್ತಿಯೂ ದೊರೆಯಿತು. ಇನ್ನು ಮೊಮ್ಮಕ್ಕಳನ್ನು ಆಡಿಸಿಕೊಂಡು ಹಾಯಾಗಿರುವುದೊಂದೇ ಉಳಿದ ಕೆಲಸವೆಂದು ಭಾವಿಸುವುದು ಲೋಕರೂಢಿ. ಆದರೆ ಅಮೆರಿಕದ ಯೂಟಾ ಸಂಸ್ಥಾನದ ರಾಜಧಾನಿಯಾದ ಸಾಲ್ಟ್ ಲೇಕ್ ನಗರದಲ್ಲಿ, ಆ ವಯಸ್ಸಿಗೆ ಬಂದ ಎಷ್ಟೋ ಮಂದಿ ಪತಿಪತ್ನಿಯರು ತಮ್ಮ ಮೊಮ್ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು, ಯಾರದೋ ಮುತ್ತಜ್ಜನನ್ನು ಹುಡುಕಿಕೊಡುವ ಕಾರ್ಯದಲ್ಲಿ ತೊಡಗಿರುವುದುಂಟು.

ಅವರು ದುಡಿಯುವ ಸ್ಥಳ ವಂಶಾವಳಿಗಳಿಗೆಂದೇ ಮೀಸಲಾದ ಒಂದು ಮಹಾ ಗ್ರಂಥಭಂಡಾರ. ಮಾರ್ಮನ್ನರೆಂದು ಜನ ಕರೆಯುವ ಕ್ರೈಸ್ತ ಪಂಥದವರು 1894ರಲ್ಲಿ ವಂಶಾವಳಿಯ ಸಂಘವೊಂದನ್ನು ಸ್ಥಾಪಿಸಿದರು. 1938ರಿಂದ ದೇಶದೇಶಗಳ ಚರ್ಚುಗಳ ಮತ್ತು ಕಚೇರಿಗಳ ಹಳೆಯ ದಫ್ತರಗಳನ್ನು ಮೈಕ್ರೋಫಿಲ್ಮಿನಲ್ಲಿ ಸೆರೆಹಿಡಿಯಲಾರಂಭಿಸಿದರು. ಸುರುಳಿಗಳ ಸಂಖ್ಯೆ ಸುಮಾರು 24 ಲಕ್ಷಕ್ಕೇರಿತು. ಅವುಗಳ ರಕ್ಷಣೆಗಾಗಿ ನಗರದ ಸಮೀಪದ ಗ್ರಾನೈಟ್ ಬೆಟ್ಟವೊಂದನ್ನೇ ಕೊರೆದು ಮಾಡಿದ ಉಗ್ರಾಣ 1965ರ ಹೊತ್ತಿಗೆ ಸಿದ್ಧವಾಯಿತು. ಗ್ರಂಥಭಂಡಾರದ ಇಂದಿನ ಕಟ್ಟಡ 1985ರಲ್ಲಿ ತೆರೆಯಿತು. 2021ರಲ್ಲಿ ಆ ಸುರುಳಿಗಳನ್ನೆಲ್ಲ ಕಂಪ್ಯೂಟರಿಗೆ ಅಳವಡಿಸುವ ಕೆಲಸವೂ ಮುಗಿಯಿತು. ಇಲ್ಲಿ ಪ್ರವೇಶಶುಲ್ಕವಿಲ್ಲ, ಯಾವ ಮತದವರು ಬಂದರೂ ಬಾಗಿಲು ತೆರೆದಿರುತ್ತದೆ.

ಬಂದವರನ್ನು ಎದುರುಗೊಳ್ಳುವವರಲ್ಲಿ ಈ ಹಿರಿಯ ದಂಪತಿಗಳೂ ಸೇರಿದ್ದಾರೆ. ಎದೆಯ ಮೇಲೆ ಕಪ್ಪು ಹೆಸರಿನ ಬಿಲ್ಲೆ. ಗಂಡನಿಗೆ 'ಎಲ್ಡರ್' ಎಂದೂ ಹೆಂಡತಿಗೆ 'ಸಿಸ್ಟರ್' ಎಂದೂ ಸಂಬೋಧನೆ. ಪಂಥದ ತರುಣರು ಧರ್ಮಪ್ರಚಾರಕ್ಕಾಗಿ ಮನೆಮನೆಯ ಬಾಗಿಲು ತಟ್ಟಿದರೆ, ಇವರ ಪಾಲಿನ ಸೇವೆ ಹಳೆಯ ಕಾಗದಗಳ ನಡುವೆ. ಅವಧಿ ಆರು ತಿಂಗಳಿನಿಂದ ಸುಮಾರು ಎರಡು ವರ್ಷದವರೆಗೆ. ಸಂಬಳವಿಲ್ಲ, ಮನೆಬಾಡಿಗೆ, ಊಟೋಪಚಾರ ಎಲ್ಲವೂ ಸ್ವಂತ ಖರ್ಚು. ಜೀವಮಾನವೆಲ್ಲ ಬೇರೊಂದು ವೃತ್ತಿಯಲ್ಲಿ ಕಳೆದವರು ಇಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ, ಪರದೇಶದ ಲಿಪಿಗಳನ್ನು ತಿದ್ದಿ ಕಲಿಯಬೇಕಾಗುತ್ತದೆ.

ಕಲಿಯದೆ ಗತಿಯಿಲ್ಲ. ಸ್ವೀಡನ್ನಿನ ಹಳೆಯ ಪದ್ಧತಿಯನ್ನೇ ನೋಡಬಹುದು. ಆಂಡರ್ಸ್ ಎಂಬವನ ಮಗ ಯೋಹಾನ್ ಆಂಡರ್ಸನ್ ಎನಿಸಿಕೊಂಡರೆ, ಅವನ ಮಗ ಕಾರ್ಲ್ ಯೋಹಾನ್ಸನ್ ಆಗುತ್ತಿದ್ದ. ತಲೆಮಾರಿಗೊಮ್ಮೆ ಉಪನಾಮವೇ ಬದಲು! ತಂದೆಯ ಹೆಸರನ್ನು ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ನಮ್ಮವರಿಗೆ ಇದು ಅರ್ಥವಾದೀತು. ಉಪನಾಮವೇ ವಂಶದ ಗುರುತೆಂದು ನಂಬಿದ ಅಮೆರಿಕನ್ನನಿಗೆ ದಿಗ್ಭ್ರಮೆ. ಆಗ ನೆರವಿಗೆ ಬರುವುದು ಆ ದೇಶದ ಪಾದ್ರಿಗಳ ಲೆಕ್ಕಪುಸ್ತಕ. ಮನೆಯವರೆಲ್ಲರ ಧರ್ಮಜ್ಞಾನವನ್ನು ಪರೀಕ್ಷಿಸುವಾಗ ಪಾದ್ರಿಯು ಅವರ ಹೆಸರು, ಜನನ, ಊರು ಬಿಟ್ಟು ಹೋದ ವಿವರಗಳನ್ನೂ ಬರೆದಿಡುತ್ತಿದ್ದ. ಆ ಮಾಸಿದ ಅಕ್ಷರಗಳ ಮೇಲೆ ಬೆರಳಿಟ್ಟು, "ಇಲ್ಲಿದ್ದಾರೆ ನೋಡಿ, ನಿಮ್ಮವರು" ಎಂದು ತೋರಿಸುವ ಭಾಗ್ಯ ಇವರದು.

ಎಲ್ಲರಿಗೂ ಇಷ್ಟು ಸುಲಭವಾಗಿ ದಾರಿ ತೆರೆಯುವುದಿಲ್ಲ. ಗುಲಾಮರಾಗಿದ್ದ ಆಫ್ರಿಕನ್ನರ ಸಂತತಿಯವರು ತಮ್ಮ ಪೂರ್ವಜರನ್ನು ಹುಡುಕುತ್ತ ಹೋದರೆ 1870ರ ಜನಗಣತಿಯ ಬಳಿ ಗೋಡೆಯೊಂದು ಅಡ್ಡ ನಿಲ್ಲುತ್ತದೆ. ಅದಕ್ಕೆ ಹಿಂದಿನ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಅದರಲ್ಲಿ ಒಡೆಯನ ಹೆಸರುಂಟು. ಗುಲಾಮರದು ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಹೆಸರು ಬರೆಯುವಷ್ಟು ಗೌರವವೂ ಆ ಜೀವಗಳಿಗೆ ದಕ್ಕಲಿಲ್ಲ. ಬಿಡುಗಡೆ ಹೊಂದಿದವರ ನೆರವಿಗೆಂದು 1865ರಲ್ಲಿ ಸರ್ಕಾರ ತೆರೆದ ಇಲಾಖೆಯ ಕಾಗದಗಳಲ್ಲಿ ಮಾತ್ರ ಅನೇಕರ ಹೆಸರುಗಳು ಮೊದಲ ಬಾರಿಗೆ ಮೈದೋರಿದವು. 2015 ಮತ್ತು 2016ರಲ್ಲಿ ಸಾವಿರಾರು ಸ್ವಯಂಸೇವಕರು ಆ ಕಾಗದಗಳನ್ನು ಓದಿ ಸೂಚಿಯನ್ನು ಸಿದ್ಧಪಡಿಸಿದರು. ಅಂಥ ಒಂದು ಹೆಸರು ಕಣ್ಣಿಗೆ ಬಿದ್ದಾಗ ಹುಡುಕುವವನ ಗಂಟಲು ಕಟ್ಟಿದರೆ ಆಶ್ಚರ್ಯವೇನು?

ಈ ಸೇವೆಯ ಬೇರಿನಲ್ಲಿ ಒಂದು ನಂಬಿಕೆಯಿದೆ. ಕುಟುಂಬದ ಬಂಧ ಮರಣದಿಂದ ಕಡಿಯದು, ಗತಿಸಿದವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು, ಅದನ್ನು ಒಪ್ಪುವುದೂ ಬಿಡುವುದೂ ಆ ಆತ್ಮಗಳ ಇಚ್ಛೆ ಎಂಬುದು ಪಂಥದ ತತ್ತ್ವ. ಈ ಆಚರಣೆಗೆ ಆಕ್ಷೇಪಣೆ ಬಾರದೆ ಇರಲಿಲ್ಲ. ನಾಜಿಗಳ ಕೈಯಲ್ಲಿ ಮಡಿದ ಯೆಹೂದ್ಯರ ಹೆಸರಿನಲ್ಲೂ ಇದು ನಡೆದುದು ತಿಳಿದಾಗ ಅವರ ಬಂಧುಗಳು ನೊಂದರು. ಅದನ್ನು ನಿಲ್ಲಿಸುವ ಒಪ್ಪಂದ 1995ರಲ್ಲಿ ಆಯಿತು. ಸತ್ತವರ ಹೆಸರು ಎಂಥ ಸೂಕ್ಷ್ಮ ವಸ್ತು, ಸದುದ್ದೇಶದ ಕೈ ಸಹ ಅದನ್ನು ಎಷ್ಟು ಜೋಪಾನವಾಗಿ ಮುಟ್ಟಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭಾರತಕ್ಕೂ ಈ ಭಂಡಾರಕ್ಕೂ ನಂಟಿಲ್ಲದಿಲ್ಲ. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶಾವಳಿಯನ್ನು ಬರೆದಿಟ್ಟುಕೊಂಡು ಬಂದ ವಹಿಗಳನ್ನೂ ಈ ಸಂಘದವರು 1970ರ ದಶಕದ ಕೊನೆಯಿಂದ ಮೈಕ್ರೋಫಿಲ್ಮಿಗೆ ಇಳಿಸಿದರು. ಶ್ರಾದ್ಧದ ದಿನ ತಂದೆ, ತಾತ, ಮುತ್ತಾತಂದಿರ ಹೆಸರು ಹೇಳುವ ಮನೆಗಳಲ್ಲಿಯೂ ಅದರಾಚೆಯ ಹೆಸರನ್ನು ಕೇಳಿದರೆ ಬಹುಮಂದಿ ತಡವರಿಸುತ್ತಾರೆ. ಮೂರು ತಲೆಮಾರು ದಾಟಿದರೆ ಮನುಷ್ಯನ ನೆನಪು ಕತ್ತಲೆಗೆ ಸೇರುತ್ತದೆ. ಇದು ಯಾವ ದೇಶಕ್ಕೂ ತಪ್ಪಿದ್ದಲ್ಲ.

ಈಗ ಯಂತ್ರಗಳೂ ಕೈಬರಹವನ್ನು ಓದಬಲ್ಲವು. ಅಮೆರಿಕದ 1950ರ ಜನಗಣತಿ 2022ರಲ್ಲಿ ಬಹಿರಂಗವಾದಾಗ ಮೊದಲು ಓದಿದುದು ಯಂತ್ರವೇ. ಆದರೂ ಅದರ ಓದನ್ನು ತಿದ್ದಲು ಮನುಷ್ಯರೇ ಕೂರಬೇಕಾಯಿತು. ಅಕ್ಷರವನ್ನು ಗುರುತಿಸುವುದು ಬೇರೆ; ಒಂದೇ ಮನೆಯಲ್ಲಿ ಒಂದೇ ಹೆಸರು ಎರಡು ಬಾರಿ ಬಂದಾಗ, ಮೊದಲನೆಯ ಕೂಸು ತೀರಿಕೊಂಡಿತೆಂದೂ ಆ ಹೆಸರನ್ನೇ ತಾಯಿ ಮುಂದಿನದಕ್ಕೆ ಇಟ್ಟಳೆಂದೂ ಊಹಿಸುವುದು ಬೇರೆ. ಮಕ್ಕಳನ್ನು ಹೆತ್ತು, ಸಾಕಿ, ಹಿರಿಯರನ್ನು ಕಳುಹಿಸಿಕೊಟ್ಟ ಕಣ್ಣುಗಳಿಗೆ ಆ ಎರಡು ಸಾಲುಗಳ ನಡುವಣ ದುಃಖ ಬೇಗ ಕಾಣುತ್ತದೆ.

ವಾರಕ್ಕೊಮ್ಮೆ ದೂರದ ಮೊಮ್ಮಗುವಿನ ಧ್ವನಿಯನ್ನು ಫೋನಿನಲ್ಲಿ ಕೇಳಿ ತೃಪ್ತಿಪಡುವುದು ಸಣ್ಣ ತ್ಯಾಗವಲ್ಲ. ಅದಕ್ಕೆ ಪ್ರತಿಯಾಗಿ ಇವರಿಗೆ ಸಿಗುವುದು ಅಪರಿಚಿತನೊಬ್ಬನ ಒದ್ದೆಯಾದ ಕಣ್ಣು, ಒಂದು ಕೃತಜ್ಞತೆಯ ಮಾತು, ಅಷ್ಟೆ. ವೃದ್ಧಾಪ್ಯವೆಂದರೆ ಇತರರಿಗೆ ಭಾರವಾಗುವ ಕಾಲವೆಂದು ಹೆದರುವವರು ಬಹಳ. ತನ್ನ ನೆನಪಿನ ಶಕ್ತಿ ಕುಂದುವ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯ ನೆನಪನ್ನು ಉಳಿಸಿಕೊಡಲು ಕುಳಿತವರಿಗೆ ಆ ಹೆದರಿಕೆಗೆ ಬಿಡುವೆಲ್ಲಿ?