ಟಾಮ್ ಕಂಡಕ್ಟರ್, ಜೆರಿ ಹತ್ರ ಪಾಸು

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಫೋನಿನಲ್ಲಿ ಯಾವುದಾದರೂ ಹಳೇ ಟಾಮ್ ಆಂಡ್ ಜೆರಿ ಹಾಕಿ, ವಾಲ್ಯೂಮ್ ಪೂರ್ತಿ ಇಳಿಸಿಬಿಡಿ. ಬೆಕ್ಕು ಓಡುತ್ತೆ, ಇಲಿ ಓಡುತ್ತೆ, ಬೆಕ್ಕಿನ ತಲೆ ಮೇಲೆ ಬಾಣಲೆ ಬೀಳುತ್ತೆ. ಆದರೆ ನಗು ಬರಲ್ಲ. ಎರಡು ನಿಮಿಷ ಆದಮೇಲೆ ‘ಪಾಪ, ಬೆಕ್ಕಿಗೆ ಎಷ್ಟು ಪೆಟ್ಟಾಯ್ತೋ’ ಅಂತ ಅನ್ನಿಸೋಕೆ ಶುರುವಾಗುತ್ತೆ.

ಈಗ ಉಲ್ಟಾ ಮಾಡಿ. ಫೋನ್ ಬೋರಲು ಹಾಕಿ, ಸದ್ದು ಮಾತ್ರ ಕೇಳಿ. ಜೆರಿ ತುದಿಗಾಲಲ್ಲಿ ಹೋಗ್ತಿದೆ, ಟಾಮ್ ಬಾಗಿಲ ಹಿಂದೆ ಅಡಗಿದೆ, ಈಗ ಸಿಕ್ಕಿಬಿತ್ತು, ಈಗ ತಪ್ಪಿಸಿಕೊಂಡಿತು. ಎಲ್ಲವೂ ಕಿವಿಗೇ ಕಾಣುತ್ತೆ. ನಗುವೂ ಬರುತ್ತೆ.

ತೊಂಬತ್ತರ ದಶಕದಲ್ಲಿ ಸಣ್ಣ ಊರುಗಳಲ್ಲಿ ಬೆಳೆದ ನಮ್ಮಂಥವರು ಕಾರ್ಟೂನ್ ‘ನೋಡಿದ್ದು’ ಹೀಗೆ, ಕಿವಿಯಿಂದ. ಯಾಕಂದ್ರೆ ಅದರ ಮಾತು ನಮಗೆ ಅರ್ಥ ಆಗ್ತಾನೇ ಇರಲಿಲ್ಲ.

ನಂದು ಗದಗ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ‘ಜಂಗಲ್ ಬುಕ್’ ಬರೋಕೆ ಶುರುವಾದಾಗ ನಾನು ಒಂದನೇ ಕ್ಲಾಸು. ಓಣಿಯಲ್ಲಿ ಟಿವಿ ಇದ್ದ ಮನೆಗಳೇ ಕಡಿಮೆ. ಹೊಸ್ತಿಲ ತನಕ ಮಕ್ಕಳು. ಒಬ್ಬರಿಗೂ ಹಿಂದಿ ಬರಲ್ಲ. ಆದರೆ ಮೊಗ್ಲಿಯ ಚಡ್ಡಿ ಹಾಡು ಶುರುವಾದರೆ ಸಾಕು, ಬಾಯಿಗೆ ಬಂದ ಶಬ್ದ ಸೇರಿಸಿ ಎಲ್ಲರೂ ಕೂಗೋರು. ಆ ಕಾರ್ಟೂನು ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಮಾಡಿದ್ದು, ಹಾಡು ಮಾತ್ರ ನಮ್ಮ ದೇಶದಲ್ಲೇ ಹೊಸದಾಗಿ ಹುಟ್ಟಿದ್ದು, ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್ ಅನ್ನೋದೆಲ್ಲ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಶೇರ್ ಖಾನ್ ಬಾಯಿ ತೆರೆದರೆ ನಾವು ಗಪ್‌ಚಿಪ್. ಆ ದನಿ ನಾನಾ ಪಾಟೇಕರ್ ಅವರದು. ಹುಲಿ ಏನು ಹೇಳಿತು ಅಂತ ತಿಳಿಯುತ್ತಿರಲಿಲ್ಲ. ಹೆದರಿಸುತ್ತಿದೆ ಅನ್ನೋದು ಮಾತ್ರ ಬೆನ್ನುಹುರಿಗೇ ತಿಳಿಯುತ್ತಿತ್ತು.

ಆಮೇಲೆ ಕೇಬಲ್ ಬಂತು, ಕಾರ್ಟೂನ್ ನೆಟ್‌ವರ್ಕ್ ಬಂತು. ಹಗಲೆಲ್ಲ ಕಾರ್ಟೂನು. ರಾತ್ರಿಯಾದರೆ ಅದೇ ಚಾನೆಲ್ಲು ಟಿಎನ್‌ಟಿ ಆಗಿ ಹಳೇ ಹಾಲಿವುಡ್ ಸಿನಿಮಾ ಹಾಕೋದು. ಈಗಂತೂ ಇಂಗ್ಲಿಷು, ಹಿಂದಿಗಿಂತ ಇನ್ನೂ ದೂರದ ಮಾತು.

ಆದರೆ ನಮ್ಮ ಆಯಿಗೆ ಭಾಷೆಯ ತೊಂದರೆ ಕಾಡಲೇ ಇಲ್ಲ. ಟಾಮ್ ಕೋಟು ಹಾಕಿಕೊಂಡು ದೊಡ್ಡ ಪಿಯಾನೊ ಮುಂದೆ ಕೂರುವ ಕಂತು ನಿಮಗೆ ನೆನಪಿರಬಹುದು. ‘ದಿ ಕ್ಯಾಟ್ ಕನ್ಸರ್ಟೊ’ ಅಂತ ಅದರ ಹೆಸರು. ಆಸ್ಕರ್ ಗೆದ್ದ ಕಂತು. ಟಾಮ್ ನುಡಿಸುವುದು ಹಂಗೇರಿಯ ಸಂಗೀತಗಾರ ಫ್ರಾನ್ಜ್ ಲಿಸ್ಟ್‌ನ ಎರಡನೇ ಹಂಗೇರಿಯನ್ ರ‍್ಯಾಪ್ಸಡಿ. ಆಯಿ ಅದನ್ನ ನೋಡಿ, “ಬೆಕ್ಕು ಪೇಟಿ ಬಾರಸಾಕ ಹತ್ತೈತಿ ನೋಡ್ರವಾ!” ಅಂತ ಅಡುಗೆಮನೆಯಿಂದ ಎಲ್ಲರನ್ನೂ ಕರೆದಳು. ಪುಟ್ಟರಾಜ ಗವಾಯಿಗಳ ಊರಿನ ಹೆಣ್ಣುಮಗಳು. ಪೇಟಿ ಅಂದ್ರೆ ಕಿವಿ ನೆಟ್ಟಗಾಗೋದು ಸಹಜ. ಲಿಸ್ಟ್ ಯಾರು ಅಂತ ಅವಳಿಗೆ ಬೇಕಿರಲಿಲ್ಲ. ಬೆಕ್ಕಿನ ಕೈ ತಾಳಕ್ಕೆ ಸರಿಯಾಗಿ ಬೀಳ್ತಿದೆಯಾ, ಅಷ್ಟು ನೋಡಿದಳು. “ಛಲೋ ಬಾರಸ್ತೈತಿ” ಅಂದಳು.

ಛಲೋ ಬಾರಿಸೋ ಹಾಗೆ ಮಾಡಿದವರು ಸ್ಕಾಟ್ ಬ್ರಾಡ್ಲಿ. 1940ರಿಂದ 1958ರ ತನಕ ಹಾನಾ ಮತ್ತು ಬಾರ್ಬೆರಾ ಮಾಡಿದ 114 ಕಂತುಗಳಲ್ಲಿ ಬಹುತೇಕ ಎಲ್ಲದಕ್ಕೂ ಇವರದೇ ಸಂಗೀತ. ಆರೇಳು ನಿಮಿಷದ ಒಂದೊಂದು ಕಂತಿಗೂ ನಿಜವಾದ ಆರ್ಕೆಸ್ಟ್ರಾ ಕೂರಿಸಿ ನುಡಿಸುತ್ತಿದ್ದರು. ಟಾಮ್ ಮೂರು ಹೆಜ್ಜೆ ಇಟ್ಟರೆ ಮೂರು ಸ್ವರ, ಮೆಟ್ಟಿಲಿಂದ ಉರುಳಿದರೆ ಸ್ವರವೂ ಉರುಳಬೇಕು. ಟಾಮ್‌ಗೂ ಜೆರಿಗೂ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಾತಾಡೋ ಕೆಲಸವನ್ನೆಲ್ಲ ಪಿಟೀಲು, ಕಹಳೆ, ಡ್ರಮ್ಮು ಮಾಡ್ತಿದ್ದವು. ಗದಗಿನ ಮುದುಕಿಗೆ ಅದು ಅರ್ಥ ಆಗಿದ್ದರಲ್ಲಿ ಆಶ್ಚರ್ಯ ಏನಿದೆ?

ನಮ್ಮ ಮನೆಯಲ್ಲಿ ಆ ಆರ್ಕೆಸ್ಟ್ರಾಕ್ಕೆ ಇನ್ನೊಬ್ಬರು ಸೇರಿಕೊಂಡರು. ನಮ್ಮ ಕಾಕಾ.

ಕಾಕಾ ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಹಿಂದಿನ ಸೀಟಿನಿಂದ ಡ್ರೈವರ್ ತನಕ ತಲುಪುವ ಗಂಟಲು. ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ನಮ್ಮ ನಡುವೆ ಕೂತರೆ ಟಾಮ್ ಆಂಡ್ ಜೆರಿಗೆ ಮಾತು ಬರ‍್ತಿತ್ತು. ಟಾಮ್ ಅಟ್ಟಿಸಿಕೊಂಡು ಹೊರಟರೆ, “ಏ ನಿಂದರಲೇ ಮಗನ, ಟಿಕೆಟ್ ತಗೊಂಡಿಯೇನ?” ಜೆರಿ ಓಡುತ್ತಲೇ, ಸಣ್ಣ ದನಿಯಲ್ಲಿ, “ಪಾಸ್ ಐತ್ರೀ ಸಾಹೇಬ್ರ!” ಬುಲ್‌ಡಾಗ್ ಬಂದರೆ ಕಾಕಾನ ದನಿ ಒಮ್ಮೆಲೇ ಇಳಿಯೋದು: “ಚೆಕಿಂಗ್ ಸಾಹೇಬ್ರು ಬಂದ್ರಲೇ, ಸುಮ್ಕ ಕುಂದರ‍್ರಿ.” ನಾವು ಹೊಟ್ಟೆ ಹಿಡಿದುಕೊಂಡು ನಗೋರು. ಮರುದಿನ ಶಾಲೆಯಲ್ಲಿ ಇದೇ ಡೈಲಾಗು. ನಮ್ಮ ಓಣಿಯ ಮಕ್ಕಳ ಪಾಲಿಗೆ ಟಾಮ್ ಗದಗ ಡಿಪೊದ ಕಂಡಕ್ಟರು, ಜೆರಿ ವಿದ್ಯಾರ್ಥಿ ಪಾಸಿನ ಹುಡುಗ.

ಒಂದೇ ಒಂದು ಕಡೆ ಕಾಕಾ ಬಾಯಿ ಹಾಕ್ತಿರಲಿಲ್ಲ. ಟಾಮ್‌ನ ಬಾಲಕ್ಕೆ ಇಲಿಬೋನು ಬಿದ್ದು ಅವನು ಕಿರುಚುವ ಜಾಗ. “ಅದಕ್ಕ ಕನ್ನಡ ಬ್ಯಾಡ. ಪೆಟ್ಟು ಬಿದ್ರ ಎಲ್ಲಾ ಭಾಷಾದಾಗೂ ಅಷ್ಟ” ಅನ್ನೋನು.

ಆ ಕಿರುಚಾಟ ಯಾರದು ಗೊತ್ತಾ? ಟಾಮ್ ಆಂಡ್ ಜೆರಿಯನ್ನು ಹುಟ್ಟಿಸಿದ ಇಬ್ಬರಲ್ಲಿ ಒಬ್ಬರಾದ ವಿಲಿಯಂ ಹಾನಾ ಅವರದೇ. ನಿರ್ದೇಶಕರೇ ಮೈಕ್ ಮುಂದೆ ನಿಂತು ಕಿರುಚಿದ್ದು. ಅದೇ ಕಿರುಚಾಟ ಎಷ್ಟೋ ಕಂತುಗಳಲ್ಲಿ ಮತ್ತೆ ಮತ್ತೆ ಬರುತ್ತೆ.

ದೊಡ್ಡವಳಾದ ಮೇಲೆ ಹೀಗೆ ಒಂದೊಂದೇ ದನಿಯ ಹಿಂದಿನ ಮನುಷ್ಯರನ್ನ ಹುಡುಕೋದು ನನಗೊಂದು ಹುಚ್ಚಾಯ್ತು. ಹುಡುಕಿದಷ್ಟೂ ಒಂದು ವಿಷಯ ಎದ್ದು ಕಾಣುತ್ತೆ: ಈ ದನಿಗಳನ್ನು ಲೋಕವೇ ಕೇಳಿದೆ, ಅವರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್ ಮೂರಕ್ಕೂ ದನಿ ಕೊಟ್ಟಿದ್ದು ಮೆಲ್ ಬ್ಲಾಂಕ್ ಎಂಬ ಒಬ್ಬನೇ ಮನುಷ್ಯ. ಮೊಲ, ಬಾತುಕೋಳಿ, ಹಂದಿ ಪರಸ್ಪರ ಜಗಳವಾಡುವಾಗಲೂ ಒಂದೇ ಗಂಟಲು. ಆತ ಸಂಬಳ ಜಾಸ್ತಿ ಮಾಡಿ ಅಂತ ಕೇಳಿದಾಗ ನಿರ್ಮಾಪಕರು ಒಪ್ಪಲಿಲ್ಲವಂತೆ. ಹಾಗಾದ್ರೆ ತೆರೆ ಮೇಲೆ ನನ್ನ ಹೆಸರಾದರೂ ಹಾಕಿ ಅಂದನಂತೆ. ಅದಕ್ಕೆ ಒಪ್ಪಿದರು. ಹೀಗಂತ ಬ್ಲಾಂಕ್ ತಾನೇ ಹೇಳಿಕೊಂಡಿದ್ದಾನೆ. ಅದೇ ಕಾರ್ಟೂನುಗಳಲ್ಲಿ ಬೇಟೆಗಾರ ಎಲ್ಮರ್ ಫಡ್‌ಗೆ ದನಿಯಾಗಿದ್ದ ಆರ್ಥರ್ ಬ್ರಯಾನ್‌ಗೆ ಆ ಭಾಗ್ಯ ಇರಲಿಲ್ಲ. ವರ್ಷಗಟ್ಟಲೆ ಹೆಸರಿಲ್ಲದೆ ದುಡಿದ.

ಡಕ್‌ಟೇಲ್ಸ್ ನೋಡಿದ್ದೀರಲ್ಲ? ಅಂಕಲ್ ಸ್ಕ್ರೂಜ್‌ನ ಮೂವರು ಮರಿಬಾತುಗಳಿಗೂ ಇಂಗ್ಲಿಷಿನಲ್ಲಿ ದನಿ ಕೊಟ್ಟವರು ರಸ್ಸಿ ಟೇಲರ್ ಎಂಬ ಒಬ್ಬ ಹೆಣ್ಣುಮಗಳು. ಮಿನ್ನಿ ಮೌಸ್ ದನಿಯೂ ಅವರದೇ. ಮಿಕ್ಕಿ ಮೌಸ್‌ಗೆ ಆಗ ದನಿಯಾಗಿದ್ದವರು ವೇಯ್ನ್ ಆಲ್‌ವೈನ್. ಇಬ್ಬರೂ 1991ರಲ್ಲಿ ಮದುವೆಯಾದರು. ಮಿಕ್ಕಿ-ಮಿನ್ನಿ ನಿಜವಾಗಲೂ ಗಂಡ-ಹೆಂಡತಿ! ಇದನ್ನ ಓದಿದ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ.

ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಕೊರೀತಾನೇ ಇರುತ್ತೆ. ನಮ್ಮ ಬಾಲ್ಯದಲ್ಲಿ ಕನ್ನಡ ಮಾತಾಡುವ ಟಾಮ್, ಕನ್ನಡ ಮಾತಾಡುವ ಶೇರ್ ಖಾನ್ ಯಾಕಿರಲಿಲ್ಲ?

ಕಾರಣ ನಿಮಗೂ ಗೊತ್ತು. ದಶಕಗಳ ಕಾಲ ನಮ್ಮ ಚಿತ್ರರಂಗ ಡಬ್ಬಿಂಗ್ ಬೇಡ ಅಂತ ಗಟ್ಟಿಯಾಗಿ ನಿಂತಿತ್ತು. ಅದು ಬರೀ ಹಟ ಆಗಿರಲಿಲ್ಲ. ಹೊರಗಿನ ದೊಡ್ಡ ಸಿನಿಮಾಗಳು ಕನ್ನಡದಲ್ಲೇ ಬಂದುಬಿಟ್ಟರೆ ನಮ್ಮ ಕಲಾವಿದರು, ತಂತ್ರಜ್ಞರ ಅನ್ನದ ಗತಿ ಏನು ಅನ್ನುವ ಭಯ ನಿಜವಾದದ್ದು. ಆದರೆ ದೊಡ್ಡವರ ಸಿನಿಮಾದ ಆ ಜಗಳದಲ್ಲಿ ಮಕ್ಕಳ ಕಾರ್ಟೂನನ್ನ ನೆನೆಸಿಕೊಂಡವರು ಕಡಿಮೆ. ಸನ್ ನೆಟ್‌ವರ್ಕಿನ ಚಿಂಟು ಟಿವಿ ಬಂದಿದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿದ್ದು 2015ರಲ್ಲಿ. ಅಷ್ಟೊತ್ತಿಗೆ ನಾವು ಬೆಂಗಳೂರಿಗೆ ಬಂದು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡಿದ್ದೆವು.

ಈಗ ನನ್ನ ಮಗಳಿಗೆ ಐದು ವರ್ಷ. ಅವಳಿಗೆ ಡೋರೆಮಾನ್ ಅಂದ್ರೆ ಪ್ರಾಣ. ಅದು ಹಿಂದಿಯಲ್ಲಿ. ಯಾರೂ ಕಲಿಸದೇ ಹಿಂದಿ ಕಲಿತಿದ್ದಾಳೆ. ಆಟದಲ್ಲಿ ಬಿದ್ದರೆ ‘ಅವ್ವಾ’ ಅನ್ನೋ ಮೊದಲು ‘ಬಚಾವೋ’ ಅಂತಾಳೆ. 2013ರಲ್ಲಿ ಬಾಂಗ್ಲಾದೇಶದಲ್ಲಿ ಇದೇ ಚಿಂತೆಗೆ, ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡ್ತಿದ್ದಾರೆ ಅಂತ, ಹಿಂದಿ ಡೋರೆಮಾನನ್ನೇ ನಿಲ್ಲಿಸಿದರು. ನನಗೆ ನಿಲ್ಲಿಸೋ ಮನಸ್ಸಿಲ್ಲ. ಅವಳಿಗೆ ಆ ನೀಲಿ ಬೆಕ್ಕು ಗೆಳೆಯ. ಗೆಳೆಯನನ್ನ ಭಾಷೆ ನೋಡಿ ಬಿಡು ಅಂತ ಮಗುವಿಗೆ ಹೇಗೆ ಹೇಳೋದು?

ಹೇಳೋ ಬದಲು ದನಿಗಳ ಕತೆ ಹೇಳ್ತೀನಿ. ನೀನು ಕೇಳೋ ಡೋರೆಮಾನ್ ಸೋನಲ್ ಕೌಶಲ್ ಅಂತ ಒಬ್ಬ ಅಕ್ಕ. ಜಪಾನಿನ ಮಕ್ಕಳಿಗೆ 1979ರಿಂದ 2005ರ ತನಕ, 26 ವರ್ಷ, ನೊಬುಯೊ ಓಯಾಮಾ ಅನ್ನೋ ಅಜ್ಜಿಯೇ ಡೋರೆಮಾನ್ ಆಗಿದ್ದಳು. ಆ ಅಜ್ಜಿ 2024ರಲ್ಲಿ ತೀರಿಕೊಂಡಳು. “ಹಂಗಾದ್ರೆ ಡೋರೆಮಾನ್ ಸತ್ತೋಯ್ತಾ?” ಅಂದಳು. ಇಲ್ಲ, ದನಿ ಇನ್ನೊಬ್ಬರಿಗೆ ಕೊಟ್ಟು ಹೋದಳು ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಕನ್ನಡದ್ದು ಯಾರ ಹತ್ರ ಇದೆ?”

ಕನ್ನಡದ್ದು ಗದಗಿನಲ್ಲಿತ್ತು.

ನಾಲ್ಕು ವರ್ಷದ ಹಿಂದೆ ಕಾಕಾಗೆ ಗಂಟಲ ಕ್ಯಾನ್ಸರ್ ಆಯ್ತು. ಧ್ವನಿಪೆಟ್ಟಿಗೆ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ತುಟಿ ಆಡಿಸ್ತಾನೆ, ಇಲ್ಲಾಂದ್ರೆ ಹಳೇ ಟ್ರಿಪ್ ಶೀಟಿನ ಹಿಂದೆ ಬರೆದು ತೋರಿಸ್ತಾನೆ. ಬಸ್ಸಿನ ತುಂಬಾ ತುಂಬಿಕೊಳ್ಳುತ್ತಿದ್ದ ಗಂಟಲಿನ ಮನುಷ್ಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದನ್ನ ನೋಡೋಕೆ ಮೊದಮೊದಲು ಮನೆಯವರಿಗೆಲ್ಲ ಕಷ್ಟ. ಅವನೆದುರು ನಾವೂ ಪಿಸುಮಾತಿನಲ್ಲೇ ಮಾತಾಡೋಕೆ ಶುರುಮಾಡಿದ್ದೆವು. ಮನೆಗೆ ಮನೆಯೇ ವಾಲ್ಯೂಮ್ ಇಳಿಸಿಕೊಂಡಿತ್ತು.

ಮೆಲ್ ಬ್ಲಾಂಕ್‌ನದೇ ಇನ್ನೊಂದು ಕತೆ ಇದೆ. 1961ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಭಾರೀ ಕಾರು ಅಪಘಾತವಾಗಿ ಆತ ದಿನಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ್ದ. ಹೆಸರು ಹಿಡಿದು ಎಷ್ಟು ಕರೆದರೂ ಉತ್ತರವಿಲ್ಲ. ಕೊನೆಗೆ ಡಾಕ್ಟರೊಬ್ಬರು ‘ಬಗ್ಸ್ ಬನ್ನಿ, ಹೇಗಿದ್ದೀಯ?’ ಅಂತ ಕೇಳಿದರಂತೆ. ಬ್ಲಾಂಕ್ ಬಗ್ಸ್ ಬನ್ನಿಯ ದನಿಯಲ್ಲೇ ಉತ್ತರ ಕೊಟ್ಟನಂತೆ. ಮನುಷ್ಯನಿಗಿಂತ ಮೊದಲು ಮೊಲಕ್ಕೆ ಎಚ್ಚರವಾಯ್ತು.

ಕಾಕಾನ ವಿಷಯದಲ್ಲಿ ಅಂಥ ಪವಾಡ ಆಗುವಂತಿಲ್ಲ. ಆದರೆ ಹೋದ ದೀಪಾವಳಿಗೆ ಊರಿಗೆ ಹೋದಾಗ, ತಮ್ಮನ ಮಕ್ಕಳು, ನನ್ನ ಮಗಳು ಎಲ್ಲ ಸೇರಿ ಕಾಕಾನ ಮುಂದೆಯೇ ಟಾಮ್ ಆಂಡ್ ಜೆರಿ ಹಾಕಿದರು. ನಾನು ಹೇಳಿಕೊಟ್ಟಿದ್ದ ಡೈಲಾಗು ಮಗಳ ಬಾಯಲ್ಲಿ ಬೆಂಗಳೂರು ಕನ್ನಡವಾಗಿ ಹೊರಟಿತು: “ಟಿಕೆಟ್ ತಗೊಂಡ್ಯಾ?” ಕಾಕಾ ಕೈಯಲ್ಲಿದ್ದ ಸ್ಟೀಲ್ ಲೋಟವನ್ನ ಉಂಗುರದಿಂದ ಒಮ್ಮೆ ಟಣ್ ಅನ್ನಿಸಿದ.

ಬಸ್ಸಿನ ಲೆಕ್ಕದಲ್ಲಿ ಒಂದು ಬೆಲ್ ಅಂದ್ರೆ ನಿಲ್ಲಿಸು.

ಮಗಳು ನಿಲ್ಲಿಸಿದಳು. ಕಾಕಾ ತುಟಿ ಆಡಿಸಿ ತೋರಿಸಿದ. ತಮ್ಮನ ಮಗ ಅದನ್ನ ಓದಿ ಹೇಳಿದ: “ತಗೊಂಡಿಯೇನ ಅನ್ನಬೇಕಂತ.” ಅವಳು ತಿದ್ದಿಕೊಂಡು, ಎಳೆದು ಹೇಳಿದಳು. ಕಾಕಾ ಟಣ್ ಟಣ್ ಅನ್ನಿಸಿದ. ಎರಡು ಬೆಲ್. ರೈಟ್, ಹೋಗಲಿ.

ಆಮೇಲೆ ಅರ್ಧ ಗಂಟೆ ಹೀಗೇ ನಡೀತು. ಟಾಮ್ ಓಡುವಾಗ ಲೋಟ ಬೇಗ ಬೇಗ, ಅಡಗಿ ಕೂತಾಗ ಮೆತ್ತಗೆ, ಮೆಟ್ಟಿಲಿಂದ ಉರುಳಿದಾಗ ಗಡಗಡ. ಸ್ಕಾಟ್ ಬ್ರಾಡ್ಲಿ ಆರ್ಕೆಸ್ಟ್ರಾದಿಂದ ಮಾಡಿಸ್ತಿದ್ದ ಕೆಲಸವನ್ನ ಕಾಕಾ ಒಂದು ಲೋಟದಲ್ಲಿ ಮಾಡಿಸಿದ. ಮನೆಯ ವಾಲ್ಯೂಮ್ ಮತ್ತೆ ಏರಿತು. ಪಕ್ಕದ ಮನೆಯವರು ಬಂದು ಇಣುಕಿದರು.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರ‍್ತಾರೆ. ಹುಲಿ ಕತೆಗೆ ಗರ್ಜಿಸುತ್ತಿದ್ದ ಅಜ್ಜ, ಕಾಗಕ್ಕ-ಗುಬ್ಬಕ್ಕ ಇಬ್ಬರ ದನಿಯನ್ನೂ ತೆಗೆಯುತ್ತಿದ್ದ ಅತ್ತೆ, ಟಿವಿ ಮುಂದೆ ಎಲ್ಲರನ್ನೂ ನಗಿಸುತ್ತಿದ್ದ ಮಾವ. ಯಾವ ಟೈಟಲ್ ಕಾರ್ಡಿನಲ್ಲೂ ಹೆಸರಿಲ್ಲದ ಡಬ್ಬಿಂಗ್ ಕಲಾವಿದರು. ಈ ವಾರಾಂತ್ಯ ಫೋನ್ ಮಾಡಿ, ಒಂದು ಕತೆ ಹೇಳಿಸಿ. ಫೋನಿನಲ್ಲಿ ರೆಕಾರ್ಡಿಂಗ್ ಬಟನ್ ಇದೆಯಲ್ಲ, ಅದನ್ನ ಒತ್ತಿ. ಆಮೇಲೆ ನಿಮ್ಮ ಮಕ್ಕಳು ‘ಕನ್ನಡದ್ದು ಯಾರ ಹತ್ರ ಇದೆ’ ಅಂತ ಕೇಳಿದರೆ, ತೋರಿಸೋಕೆ ಒಂದು ದನಿ ಇರಲಿ.