ಅಲ್ಪ ವೆಚ್ಚದ ಬೈಸಿಕಲ್ಲು, ಮೇಲುಕೋಟೆಯ ದಾರಿ

ಯಾತ್ರೆಯೆಂಬುದು ಹಣವಂತರಿಗೆ ಮಾತ್ರ ಸಲ್ಲತಕ್ಕ ಭೋಗವೆಂಬ ಭಾವನೆಯು ನಮ್ಮ ಗೃಹಸ್ಥರಲ್ಲಿ ಈಚೆಗೆ ಬಲವಾಗಿ ಬೇರೂರಿದೆ. ರೈಲು, ಮೋಟಾರು, ವಸತಿಗೃಹ ಇವುಗಳ ವೆಚ್ಚವನ್ನು ಎಣಿಸುವಷ್ಟರಲ್ಲಿಯೇ ಹೊರಡುವ ಉತ್ಸಾಹವು ಅಡಗಿಹೋಗುವುದು. ನಮ್ಮ ಹಿರಿಯರಾದರೋ ಬುತ್ತಿಯನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿಯೇ ಕ್ಷೇತ್ರಗಳನ್ನು ಸುತ್ತಿಬಂದವರು. ಕಾಲ್ನಡಿಗೆಗೂ ಮೋಟಾರಿಗೂ ನಡುವಣ ಸಾಧನವೊಂದು ನಮ್ಮ ಕೈಗೆಟುಕುವಂತೆಯೇ ಇದೆ; ಅದೇ ಬೈಸಿಕಲ್ಲು. ಹೊದಿಕೆ, ಬಟ್ಟೆ, ಬುತ್ತಿಗಳನ್ನು ಸೈಕಲ್ಲಿಗೇ ಬಿಗಿದುಕೊಂಡು ದಿನಗಟ್ಟಲೆ ಊರೂರು ತಿರುಗುವ ಕ್ರಮಕ್ಕೆ ಇಂದಿನ ಯುವಕರು ‘ಬೈಕ್‌ಪ್ಯಾಕಿಂಗ್’ ಎಂಬ ಹೊಸ ಹೆಸರನ್ನಿಟ್ಟಿದ್ದಾರೆ. ಹೆಸರು ಹೊಸದಾದರೂ ವಿಷಯವು ಹಳೆಯದು. ಇದಕ್ಕೆ ತಕ್ಕ ವಾಹನವನ್ನು ಅಲ್ಪ ಹಣದಲ್ಲಿ ಸಂಪಾದಿಸುವ ಬಗೆ ಹೇಗೆ, ಅದರ ಮೇಲೆ ಮೈಸೂರಿನಿಂದ ಮೇಲುಕೋಟೆಗೆ ಹೋಗಿಬಂದರೆ ಕಾಣುವುದೇನು ಎಂಬೆರಡು ಸಂಗತಿಗಳನ್ನು ವಾಚಕರಲ್ಲಿ ನಿವೇದಿಸುತ್ತೇನೆ.

1923ನೆಯ ಇಸವಿಯ ಅಕ್ಟೋಬರಿನಲ್ಲಿ ಮುಂಬಯಿಯ ಕೆಲವು ತರುಣರು ಬೈಸಿಕಲ್ಲುಗಳ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು 1928ರಲ್ಲಿ ಪ್ರದಕ್ಷಿಣೆಯನ್ನು ಮುಗಿಸಿ ಹಿಂದಿರುಗಿದರು. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಮಹಿಳೆಯು 1963ರಲ್ಲಿ ಒಬ್ಬಂಟಿಗಳಾಗಿ ಸೈಕಲ್ಲಿನ ಮೇಲೆ ಹೊರಟು ದೆಹಲಿಯನ್ನು ಸೇರಿದಳು. ಹೊರಡುವ ಮೊದಲು ಆಕೆಯು ತನ್ನ ವಾಹನದಲ್ಲಿದ್ದ ಮೂರು ವೇಗಗಳ ಗೇರನ್ನು ಕಳಚಿಸಿಬಿಟ್ಟಳು. ಏಷ್ಯದ ಒರಟು ದಾರಿಗಳಲ್ಲಿ ಅದು ತಾಳಲಾರದೆಂಬುದೇ ಆಕೆಯ ಎಣಿಕೆ. ನಮ್ಮ ವಿಷಯದ ಸಾರವೆಲ್ಲವೂ ಈ ಒಂದು ಸಂಗತಿಯಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಬಡ ಯಾತ್ರಿಕನು ಅಂಗಡಿಯಲ್ಲಿ ಕೇಳತಕ್ಕ ಮೊದಲನೆಯ ಪ್ರಶ್ನೆಯು ‘ಇದರ ಬೆಲೆ ಎಷ್ಟು?’ ಎಂಬುದಲ್ಲ, ‘ಇದು ಕೆಟ್ಟರೆ ಯಾವ ಯಾವ ಊರಿನಲ್ಲಿ ರಿಪೇರಿಯಾಗುವುದು?’ ಎಂಬುದು.

ಈಗ ಪೇಟೆಯಲ್ಲಿ ಕಡಮೆ ಬೆಲೆಗೆ ಮಾರುವ ಗೇರಿನ ಸೈಕಲ್ಲುಗಳು ಹೇರಳವಾಗಿವೆ. ಅವುಗಳ ಬಣ್ಣವೇನು, ದಪ್ಪ ಟೈರುಗಳೇನು, ಮುಂದಿನ ಫೋರ್ಕಿನಲ್ಲಿ ಕುಣಿಯುವ ಸ್ಪ್ರಿಂಗುಗಳೇನು! ಆದರೆ ಅಗ್ಗದ ಸ್ಪ್ರಿಂಗು ಭಾರವನ್ನು ಹೆಚ್ಚಿಸುವುದೇ ಹೊರತು ಬಹುಕಾಲ ಬಾಳುವುದಿಲ್ಲ. ಅಗ್ಗದ ಗೇರು ಮೇಲಿಂದ ಮೇಲೆ ತಪ್ಪುತ್ತಿರುವುದು. ಅನೇಕ ಮಾದರಿಗಳಿಗೆ ಹಿಂದೆ ಕ್ಯಾರಿಯರೂ ಇರುವುದಿಲ್ಲ. ಹೆಚ್ಚು ಹಣವನ್ನು ತೆರಬಲ್ಲವರಿಗೆ ಉತ್ತಮವಾದ ಗೇರಿನ ಸೈಕಲ್ಲುಗಳು ದೊರೆಯುತ್ತವೆ, ಅವನ್ನು ನಾನು ನಿಂದಿಸುವವನಲ್ಲ. ಆದರೆ ಐದಾರು ಸಾವಿರ ರೂಪಾಯಿಗಳ ಮಿತಿಯುಳ್ಳವರಿಗೆ ಹಾಲಿನವರೂ ಅಂಚೆಯವರೂ ಬಳಸುತ್ತಿದ್ದ 28 ಅಂಗುಲದ ಗಾಲಿಯ ಕಪ್ಪು ಸೈಕಲ್ಲೇ ಮೇಲು. ಲೂಧಿಯಾನದ ಹೀರೋ, ಮದರಾಸಿನ ಹರ್ಕ್ಯುಲಿಸ್, ಸೋನಿಪತ್ತಿನ ಅಟ್ಲಾಸ್ ಇವೆಲ್ಲವೂ ಬಹುಮಟ್ಟಿಗೆ ಒಂದೇ ಎರಕದವು; ಒಂದರ ಬಿಡಿಭಾಗವು ಮತ್ತೊಂದಕ್ಕೆ ಸಾಮಾನ್ಯವಾಗಿ ಹೊಂದುವುದು. ಅಟ್ಲಾಸಿನವರ ಸಾಹಿಬಾಬಾದಿನ ಕಾರ್ಖಾನೆಯು 2020ರ ಜೂನಿನಲ್ಲಿ ಮುಚ್ಚಿಹೋಯಿತಾದರೂ, ಹಳೆಯ ಅಟ್ಲಾಸ್ ಸೈಕಲ್ಲು ಇಂದಿಗೂ ಅನಾಥವಾಗಿಲ್ಲದಿರುವುದಕ್ಕೆ ಇದೇ ಕಾರಣ.

ನಿವೃತ್ತಿವೇತನದಲ್ಲಿ ನಡೆಯುವ ಸಂಸಾರ ನಮ್ಮದು. ಸೈಕಲ್ಲಿಗೂ ಮೊದಲ ಯಾತ್ರೆಗೂ ಸೇರಿ ಐದು ಸಾವಿರ ರೂಪಾಯಿಗಳನ್ನು ಮೀರತಕ್ಕದ್ದಲ್ಲವೆಂದು ಮನೆಯಾಕೆಯು ವಿಧಿಸಿದ್ದಳು. ಹಳೆಯ ಸೈಕಲ್ಲುಗಳನ್ನು ಕೊಂಡು ಮಾರುವ ವೃದ್ಧ ಮೆಕ್ಯಾನಿಕ್ಕರೊಬ್ಬರ ಬಳಿಗೆ ಹೋಗಿ, “ಯಜಮಾನರೇ, ದೂರ ಹೋಗುವುದಕ್ಕೆ ಒಂದು ಗಟ್ಟಿ ಗಾಡಿ ಬೇಕು” ಎಂದೆನು. ಆತನು ನನ್ನ ಕಣ್ಣು ಹೊಳೆಯುವ ಗಾಡಿಯೊಂದರ ಕಡೆಗೆ ಹೋದುದನ್ನು ಕಂಡು, “ಮೇಷ್ಟ್ರೇ, ಬಣ್ಣ ನೋಡಬೇಡಿ, ಬೆಂಡು ನೋಡಿ” ಎಂದನು. ಇದಕ್ಕಿಂತ ಉತ್ತಮವಾದ ಸೂತ್ರವನ್ನು ಈ ಶಾಸ್ತ್ರದಲ್ಲಿ ನಾನು ಕೇಳಿಲ್ಲ.

ಅನ್ನವು ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಇದನ್ನು ಸ್ಥಾಲೀಪುಲಾಕ ನ್ಯಾಯವೆನ್ನುವರು. ಹಳೆಯ ಸೈಕಲ್ಲಿಗೆ ಈ ನ್ಯಾಯವು ಹೊಂದುವುದಿಲ್ಲ. ಒಂದೊಂದು ಅಂಗವನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. ಮೊದಲು ಹ್ಯಾಂಡಲ್ಲಿನ ಕೆಳಗೂ ಪೆಡಲುಗಳ ನಡುವೆಯೂ ಕೊಳವೆಗಳು ಕೂಡುವೆಡೆಯಲ್ಲಿ ಬಿರುಕಿದೆಯೇ ಎಂದು ನೋಡತಕ್ಕದ್ದು. ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬಳಿಕ ಹಿಂದೆ ನಿಂತು ಎರಡು ಗಾಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ದೃಷ್ಟಿಯಿಡಬೇಕು. ಗಾಲಿಯನ್ನೆತ್ತಿ ತಿರುಗಿಸಿದರೆ ಬೆಂಡು ಕಾಣುವುದು; ಅಕ್ಕಪಕ್ಕಕ್ಕೆ ಅಲ್ಲಾಡಿಸಿದರೆ ಬೇರಿಂಗಿನ ಸವೆತವು ತಿಳಿಯುವುದು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರುತ್ತವೆ. ಅಂಗುಲದ ಎಂಟನೆಯ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನು ಮುಗಿಯಿತೆಂದೇ ಅರ್ಥ. ಟೈರು, ಚೈನು, ಬ್ರೇಕಿನ ರಬ್ಬರುಗಳು ಹಾಳಾಗಿದ್ದರೆ ಹೆದರಬೇಕಾಗಿಲ್ಲ. ಅವು ಬಟ್ಟೆಯಂತೆ, ಬದಲಾಯಿಸಬಹುದು. ಫ್ರೇಮು ಮಾತ್ರ ದೇಹದಂತೆ.

ಏರುದಾರಿಗೆ ಒಂದು ಸುಲಭೋಪಾಯವುಂಟು. ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ತಿರುಗಿದರೆ ವಾಹನವು ಸುಮಾರು ಐದೂವರೆ ಮೀಟರು ಮುಂದೆ ಸಾಗುವುದು. ಫ್ರೀವೀಲನ್ನು 22 ಹಲ್ಲಿನದಾಗಿ ಬದಲಾಯಿಸಿದೊಡನೆ ಅದು ಸುಮಾರು ನಾಲ್ಕೂವರೆ ಮೀಟರಿಗೆ ಇಳಿಯಿತು. ವೇಗವು ಕುಗ್ಗಿತು, ಮೊಣಕಾಲು ಬದುಕಿತು. ಅರುವತ್ತರ ವಯಸ್ಸಿನಲ್ಲಿ ಇದು ಲಾಭದ ವ್ಯಾಪಾರವೇ ಸರಿ.

ಖರ್ಚಿನ ಪಟ್ಟಿ ಹೀಗಿತ್ತು: ಸೈಕಲ್ಲಿಗೆ 2,000 ರೂಪಾಯಿ; ಎರಡು ಹೊಸ ಟೈರು ಮತ್ತು ಟ್ಯೂಬುಗಳಿಗೆ 1,000; ಚೈನು ಮತ್ತು ಫ್ರೀವೀಲಿಗೆ 450; ಬ್ರೇಕಿನ ರಬ್ಬರು, ಬೇರಿಂಗಿನ ಗುಂಡು, ಗ್ರೀಸುಗಳಿಗೆ 200; ಕೂಲಿ 400; ದೀಪ ಮತ್ತು ಗಂಟೆಗೆ 300. ಒಟ್ಟು 4,350. ಯಾತ್ರೆಗೆ ಉಳಿದುದು 650 ರೂಪಾಯಿ. ಚೀಲವನ್ನು ಮನೆಯಲ್ಲಿದ್ದ ಹಳೆಯ ಜಮಖಾನೆಯಿಂದ ಹೊಲಿದುದಾಯಿತು. ಊರೊಳಗೆ ಹದಿನೈದು ದಿನ ಓಡಿಸಿ, ಸಡಿಲವಾದುದನ್ನು ಬಿಗಿಸಿಕೊಂಡು, ಒಂದು ಮುಂಜಾನೆ ಐದು ಗಂಟೆಗೆ ಹೊರಟೆನು.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು ಐವತ್ತು ಕಿಲೋಮೀಟರು. ಬೆಂಗಳೂರಿಗೆ ಹೋಗುವ ಹೆದ್ದಾರಿಯ ನಡುದಾರಿಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲು ಮೊದಲಾದ ನಿಧಾನಗತಿಯ ವಾಹನಗಳಿಗೆ ಪ್ರವೇಶವಿಲ್ಲ. ನಮ್ಮಂಥವರು ಪಕ್ಕದ ದಾರಿಯಲ್ಲಿಯೇ ಹೋಗತಕ್ಕದ್ದು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪವಾದುದರಿಂದ ಆ ತಾಯಿಯನ್ನು ಎರಡು ಸಲ ದಾಟುವ ಭಾಗ್ಯವುಂಟು. ಅಲ್ಲಿಂದ ಮುಂದೆ ಪಾಂಡವಪುರ. ಹೈದರನ ಮತ್ತು ಟೀಪುವಿನ ಕಾಲದಲ್ಲಿ ಫ್ರೆಂಚರ ದಂಡು ಇಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆಯುತ್ತಿದ್ದರು. ದಾರಿಯ ಇಕ್ಕೆಲದಲ್ಲಿಯೂ ಕಬ್ಬು, ಬತ್ತ, ತೆಂಗು. ಹಿಂದೆ ಕುಂತಿಬೆಟ್ಟದ ಬೋಳು ಬಂಡೆಗಳು.

ಪಾಂಡವಪುರದಿಂದ ಸ್ವಲ್ಪ ಬಳಸಿದರೆ ತೊಣ್ಣೂರು ಸಿಕ್ಕುವುದು. ಬಸ್ಸಿನಲ್ಲಿ ಮೂವತ್ತು ವರ್ಷ ಮೇಲುಕೋಟೆಗೆ ಹೋಗಿಬಂದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಸ್ಸು ತನ್ನ ದಾರಿಯಲ್ಲಿ ಹೋಗುವುದೇ ಹೊರತು ನಮ್ಮ ಕುತೂಹಲದ ದಾರಿಯಲ್ಲಿ ಹೋಗುವುದಿಲ್ಲ. ಬೆಟ್ಟಗಳ ನಡುವೆ ಹರಡಿರುವ ಇಲ್ಲಿಯ ವಿಶಾಲವಾದ ಕೆರೆಗೆ, ನೀರಿನ ನಿರ್ಮಲತೆಯಿಂದ, ಮೋತಿ ತಲಾಬ್ ಎಂಬ ಹೆಸರೂ ಬಂದಿತು. ಶ್ರೀ ರಾಮಾನುಜಾಚಾರ್ಯರು ಇಲ್ಲಿ ನೆಲಸಿದ್ದರೆಂದು ಸಂಪ್ರದಾಯ. ಹೊಯ್ಸಳರ ಕಾಲದ ನಂಬಿನಾರಾಯಣನ ಗುಡಿಯಲ್ಲಿ ಆ ಹೊತ್ತಿಗೆ ಅರ್ಚಕರನ್ನೂ ನನ್ನನ್ನೂ ಬಿಟ್ಟರೆ ಮತ್ತೊಬ್ಬರಿರಲಿಲ್ಲ.

ಮುಂದೆ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎಡಗಡೆಯ ಪೆಡಲು ಸಡಿಲವಾಗಿ ಲಟಕ್ ಲಟಕ್ ಎನ್ನತೊಡಗಿತು. ದಾರಿಯ ಪಕ್ಕದ ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಪಂಕ್ಚರು ಹಾಕುವವನೊಬ್ಬನಿದ್ದನು. ಆತನು ಕಾಟರ್ ಪಿನ್ನನ್ನು ಹೊಡೆದು ತೆಗೆದು, ಡಬ್ಬಿಯಿಂದ ಮತ್ತೊಂದನ್ನು ಆರಿಸಿ, ಅರದಿಂದ ಉಜ್ಜಿ ಕೂರಿಸಿದನು. ಹತ್ತು ನಿಮಿಷ, ನಲವತ್ತು ರೂಪಾಯಿ. “ಹೋದ ತಿಂಗಳು ಗೇರು ಮುರಿದುಕೊಂಡು ಒಬ್ಬ ಹುಡುಗ ಬಂದಿದ್ದ, ಸ್ವಾಮಿ. ಆ ಸಾಮಾನು ನಮ್ಮಲ್ಲೆಲ್ಲಿ ಬರಬೇಕು? ಲಗೇಜು ಆಟೋದಲ್ಲಿ ಗಾಡಿ ಹಾಕಿಕೊಂಡು ವಾಪಸು ಹೋದ” ಎಂದನು. ನಾನು ಮೇಲೆ ಹೇಳಿದ ಮೊದಲನೆಯ ಪ್ರಶ್ನೆಗೆ ಇದಕ್ಕಿಂತ ಬೇರೆ ಭಾಷ್ಯವು ಬೇಕೆ?

ಜಕ್ಕನಹಳ್ಳಿಯನ್ನು ಕಳೆದ ಮೇಲೆ ಬೆಟ್ಟದ ಏರು. ಮೂರು ಸಾವಿರ ಅಡಿಗಳಿಗೂ ಎತ್ತರದಲ್ಲಿರುವ ಊರದು. ಕಡಿದಾದೆಡೆಯಲ್ಲಿ ಇಳಿದು ತಳ್ಳಿದೆನು. ಇದರಲ್ಲಿ ನಾಚಿಕೆಯೇನೂ ಇಲ್ಲ. ಮಧ್ಯಾಹ್ನಕ್ಕೆ ಕಲ್ಯಾಣಿಯ ಸೋಪಾನದ ಮೇಲೆ ಕುಳಿತಾಗ ಯೋಗಾನರಸಿಂಹನ ಗೋಪುರವು ನೀರಿನಲ್ಲಿ ನಡುಗುತ್ತಿದ್ದಿತು. ಸಂಜೆ ಚೆಲುವನಾರಾಯಣನ ದರ್ಶನ, ಕಂಬಗಳು ಮಾತ್ರವೇ ಎದ್ದುನಿಂತಿರುವ ರಾಯಗೋಪುರ, 1905ರಲ್ಲಿ ಈ ಊರಿನಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರ ಮನೆ ಇಷ್ಟನ್ನೂ ನಿಧಾನವಾಗಿ ಕಂಡೆನು. ಹಿಂದಿರುಗುವ ಬಸ್ಸಿನ ಹೊತ್ತನ್ನು ನೋಡುವ ಚಿಂತೆಯಿರಲಿಲ್ಲ. ರಾತ್ರಿ ಛತ್ರವೊಂದರಲ್ಲಿ ಮಲಗಿದೆನು.

ಮರುದಿನ ಬೆಳಗ್ಗೆ ತುಂತುರುಮಳೆ. ಹಳೆಯ ಮಾದರಿಯ ಸರಳಿನ ಬ್ರೇಕಿಗೆ ಇದೊಂದು ದೊಡ್ಡ ದೋಷವುಂಟು: ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಹಿಡಿಯುವುದಿಲ್ಲ. ಆದುದರಿಂದ ಇಳಿಜಾರು ಮುಗಿಯುವವರೆಗೂ ನಡೆದೇ ಇಳಿದೆನು. ಮಳೆಯಲ್ಲಿ ಬೆಟ್ಟವಿಳಿಯುವವರು ಇದನ್ನು ಅವಶ್ಯವಾಗಿ ನೆನಪಿಡತಕ್ಕದ್ದು. ಅರ್ಧ ಗಂಟೆಯ ಉಳಿತಾಯಕ್ಕೆ ಪ್ರಾಣವನ್ನು ಪಣವಾಗಿಡಬಾರದು. ಛತ್ರಕ್ಕೆ 200, ಊಟ ತಿಂಡಿಗೆ 320, ಪಿನ್ನಿಗೆ 40 ಹೋಗಿ 90 ರೂಪಾಯಿ ಉಳಿದಿತ್ತು. ಅದಕ್ಕೆ ಪುಳಿಯೋಗರೆಯ ಗೊಜ್ಜನ್ನು ಕೊಂಡು ಮನೆಗೆ ತಂದೆನು. ಲೆಕ್ಕವು ಸರಿಹೋದುದಕ್ಕೂ ಗೊಜ್ಜು ಬಂದುದಕ್ಕೂ ಮನೆಯಾಕೆಗೆ ಸಮಾಧಾನವಾಯಿತು.

ಅನೇಕರ ಮನೆಯ ಹಿತ್ತಲಿನಲ್ಲಿ ಮಕ್ಕಳು ಬಿಟ್ಟುಹೋದ ಸೈಕಲ್ಲೊಂದು ತುಕ್ಕುಹಿಡಿಯುತ್ತ ನಿಂತಿರುವುದು. ಅದರ ಫ್ರೇಮಿನಲ್ಲಿ ಬಿರುಕಿಲ್ಲದಿದ್ದರೆ ಪೇಟೆಗೆ ಹೋಗುವುದೇ ಬೇಡ. ಮೂಲೆಯ ಮೆಕ್ಯಾನಿಕ್ಕನ ಬಳಿಗೆ ತಳ್ಳಿಕೊಂಡು ಹೋದರೆ ಸಾಕು. ಮೊದಲು ಹತ್ತು ಕಿಲೋಮೀಟರು, ಅನಂತರ ಇಪ್ಪತ್ತು, ಆಮೇಲೆ ಒಂದು ರಾತ್ರಿಯ ವಾಸ. ಊರಿಗೆ ಸಮೀಪದಲ್ಲಿಯೇ ಇದ್ದು ನಾವು ಎಂದೂ ಕಾಣದ ಕೆರೆಗಳೂ ಗುಡಿಗಳೂ ಎಷ್ಟಿವೆಯೆಂಬುದು ಆಗ ತಾನಾಗಿಯೇ ತಿಳಿದುಬರುವುದು.